ದೇವಾಲಯ, ಧರ್ಮಕೇಂದ್ರ, ಊರು: ಶೆಟ್ಟಿಹಳ್ಳಿಯನ್ನು ಮುಂದಿಟ್ಟುಕೊಂಡು ಒಂದು ವಿಚಾರ

ಹಾಸನ ನಗರದಿಂದ ಸುಮಾರು 20 ಕಿಲೋಮೀಟರ್ ದೂರದಲ್ಲಿ, ಗೊರೂರಿನ ಹೇಮಾವತಿ ಜಲಾಶಯದ ಹಿನ್ನೀರಿನ ಅಂಚಿನಲ್ಲಿ, ಮೇಲ್ಛಾವಣಿಯಿಲ್ಲದ ಒಂದು ದೇವಾಲಯ ನಿಂತಿದೆ. ಶೆಟ್ಟಿಹಳ್ಳಿಯ ಜಪಸರ ಮಾತೆಯ ದೇವಾಲಯವೆಂದು, ‘ರೋಸರಿ ಚರ್ಚ್’ ಎಂದು ಅದು ಹೆಸರಾಗಿದೆ. ಮಳೆ ಚೆನ್ನಾಗಿ ಆದ ವರ್ಷದಲ್ಲಿ ಅದರ ಗೋಡೆಗಳ ಕೆಳಭಾಗ ನೀರಿನೊಳಗೆ ಮುಳುಗಿ, ಮೇಲಿನ ಕಮಾನುಗಳಷ್ಟೇ ಕಾಣುತ್ತವೆ. ಬೇಸಿಗೆಯಲ್ಲಿ ನೀರು ಇಳಿದಾಗ ಒಡೆದ ಮಣ್ಣಿನ ಮೇಲೆ ನಡೆದು ಒಳಗೆ ಹೋಗಬಹುದು. ‘ಮುಳುಗುವ ಚರ್ಚ್’, ‘ತೇಲುವ ಚರ್ಚ್’ ಎಂದು ಪ್ರವಾಸಿಗರು ಅದನ್ನು ಕರೆಯುತ್ತಾರೆ. ಮದುವೆಯ ಮುಂಚಿನ ಛಾಯಾಚಿತ್ರಗಳಿಗಾಗಿ ಜೋಡಿಗಳು ಬರುತ್ತಾರೆ. ಸಂಜೆಯ ಬೆಳಕಿನಲ್ಲಿ ಅಲ್ಲಿ ನಿಂತವರಿಗೆ ಆ ದೃಶ್ಯ ಮರೆಯುವಂತಹುದಲ್ಲ.

ಆದರೆ ದೈವಶಾಸ್ತ್ರದ ವಿದ್ಯಾರ್ಥಿಗಳಾದ ನಮಗೆ ಅಲ್ಲಿ ಏಳಬೇಕಾದ ಪ್ರಶ್ನೆ ಬೇರೆ. ನಮ್ಮೆದುರು ನಿಂತಿರುವುದು ಏನು? ಅದು ದೇವಾಲಯವೇ, ಅಥವಾ ಒಂದು ಕಾಲದಲ್ಲಿ ದೇವಾಲಯವಾಗಿದ್ದ ಕಟ್ಟಡವೇ? ಅಲ್ಲಿ ದೀಕ್ಷಾಸ್ನಾನ ಪಡೆದವರು, ಮದುವೆಯಾದವರು, ತಮ್ಮವರನ್ನು ಮಣ್ಣುಮಾಡಿದವರು ಊರು ಬಿಟ್ಟ ಮೇಲೆ ಆ ಧರ್ಮಕೇಂದ್ರ ಎಲ್ಲಿಗೆ ಹೋಯಿತು? ಈ ಪ್ರಶ್ನೆಗಳನ್ನು ಗ್ರಂಥಾಲಯದಲ್ಲಿ ಕುಳಿತು ಕೇಳುವುದಕ್ಕೂ ಒಂದು ಹಳ್ಳಿಯನ್ನು ಕಣ್ಣೆದುರಿಗೆ ಇಟ್ಟುಕೊಂಡು ಕೇಳುವುದಕ್ಕೂ ಬಹಳ ವ್ಯತ್ಯಾಸವಿದೆ. ಆದ್ದರಿಂದ ಈ ಲೇಖನದಲ್ಲಿ ನಾವು ಮೊದಲು ಆ ನೆಲವನ್ನೂ ಅದರ ಚರಿತ್ರೆಯನ್ನೂ ನೋಡಿ, ಬಳಿಕ ಪವಿತ್ರ ಗ್ರಂಥ ಮತ್ತು ಧರ್ಮಸಭೆಯ ಕಾನೂನಿನ ಬೆಳಕಿನಲ್ಲಿ ಉತ್ತರದ ಹಾದಿಯನ್ನು ಹುಡುಕುತ್ತೇವೆ.

ನದಿ ಮತ್ತು ನೆಲ

ಹೇಮಾವತಿ ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ಸೀಮೆಯ ಪಶ್ಚಿಮಘಟ್ಟದಲ್ಲಿ ಹುಟ್ಟಿ, ಹಾಸನ ಜಿಲ್ಲೆಯಲ್ಲಿ ಹರಿದು, ಕೃಷ್ಣರಾಜಸಾಗರದ ಬಳಿ ಕಾವೇರಿಯನ್ನು ಸೇರುತ್ತದೆ. ಯಗಚಿ ಅದಕ್ಕೆ ಕೂಡುವ ಉಪನದಿ. ಈ ನದಿಯ ನಡುದಾರಿಯಲ್ಲಿರುವ ಪ್ರದೇಶ ಪೂರ್ತಿ ಮಲೆನಾಡೂ ಅಲ್ಲ, ಪೂರ್ತಿ ಬಯಲುಸೀಮೆಯೂ ಅಲ್ಲ. ಪಶ್ಚಿಮಕ್ಕೆ ಹೋದಂತೆ ಆಲೂರು, ಸಕಲೇಶಪುರಗಳ ಕಾಫಿ ಮತ್ತು ಏಲಕ್ಕಿ. ಪೂರ್ವಕ್ಕೆ ಬಂದಂತೆ ರಾಗಿ, ಆಲೂಗಡ್ಡೆ, ತೆಂಗು. ನದಿಯ ಮಗ್ಗುಲಲ್ಲಿ ಭತ್ತದ ಗದ್ದೆ. ಹೊಳೆದಂಡೆಯ ಮಣ್ಣನ್ನು ನಂಬಿದ ಬೇಸಾಯಗಾರರ ಸೀಮೆ ಇದು. ಇದೇ ದಡದ ಗೊರೂರಿನವರಾದ ಗೊರೂರು ರಾಮಸ್ವಾಮಿ ಅಯ್ಯಂಗಾರರು ಈ ಹಳ್ಳಿಗಳ ಬದುಕನ್ನು ಕನ್ನಡ ಸಾಹಿತ್ಯಕ್ಕೆ ತಂದರು. ಅವರು ಕಂಡ ಹಳ್ಳಿಗಾಡಿನ ನಡುವೆಯೇ ಕ್ರೈಸ್ತ ರೈತರ ಊರುಗಳೂ ಇದ್ದವು ಎಂಬುದನ್ನು ನಾವು ನೆನಪಿಡಬೇಕು. ಇಲ್ಲಿನ ಕಥೋಲಿಕರು ಹೊರಗಿನಿಂದ ಬಂದು ಬೀಡುಬಿಟ್ಟವರಲ್ಲ. ಕನ್ನಡ ಮಾತಾಡುತ್ತ, ಅದೇ ನೊಗ ನೇಗಿಲು ಹಿಡಿದು, ಅದೇ ಮಳೆಗೆ ಕಾದವರು.

ಗುಡಿ ಕಟ್ಟಿದ ಕಾಲ

ಮೈಸೂರು ಮಿಷನ್ನಿನ ಚರಿತ್ರೆ 17ನೆಯ ಶತಮಾನದ ನಡುವಿನಲ್ಲಿ, ಇಟಲಿಯ ಯೇಸುಸಭೆಯ ಗುರು ಲಿಯೊನಾರ್ದೊ ಚಿನ್ನಾಮಿ ಶ್ರೀರಂಗಪಟ್ಟಣಕ್ಕೆ ಬಂದಾಗಿನಿಂದ ಆರಂಭವಾಗುತ್ತದೆ. 1773ರಲ್ಲಿ ಯೇಸುಸಭೆ ವಿಸರ್ಜನೆಗೊಂಡಿತು. ಮುಂದೆ ಈ ನಾಡಿನ ಸೇವೆ ಪ್ಯಾರಿಸ್ಸಿನ ವಿದೇಶ ಮಿಷನ್ ಸಂಸ್ಥೆಯ ಫ್ರೆಂಚ್ ಗುರುಗಳ ಪಾಲಿಗೆ ಬಂತು. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಬಳಿಕ, ಚದುರಿಹೋಗಿದ್ದ ಕ್ರೈಸ್ತರನ್ನು ಮತ್ತೆ ಒಟ್ಟುಗೂಡಿಸುವ ಹೊಣೆ ಹೊತ್ತವರು ಆಬೆ ಜ್ಯಾಂ ಆಂತ್ವಾನ್ ದ್ಯುಬ್ವಾ. ಜನ ಅವರನ್ನು ‘ದೊಡ್ಡ ಸ್ವಾಮಿಯವರು’ ಎಂದು ಕರೆದರು. ಅವರು ಉಟ್ಟದ್ದು ದೇಶೀಯ ಉಡುಗೆ, ಉಂಡದ್ದು ದೇಶೀಯ ಆಹಾರ. ಬಡವಾಗಿದ್ದ ತಮ್ಮ ಮಂದೆಗಾಗಿ ಅವರು ಮಾಡಿದ ಎರಡು ಕೆಲಸಗಳನ್ನು ಚರಿತ್ರೆ ವಿಶೇಷವಾಗಿ ನೆನೆಯುತ್ತದೆ: ಬೇಸಾಯದ ನೆಲೆಗಳನ್ನು ಸ್ಥಾಪಿಸಿದ್ದು ಮತ್ತು ಸಿಡುಬಿನ ವಿರುದ್ಧ ಲಸಿಕೆಯನ್ನು ಹರಡಿದ್ದು.

ಈ ಎರಡರಲ್ಲಿ ಮೊದಲನೆಯದು ನಮ್ಮ ವಿಷಯಕ್ಕೆ ಹತ್ತಿರದ್ದು. ಯುದ್ಧ, ಸ್ಥಳಾಂತರ, ಬರಗಳಿಂದ ನೆಲೆ ತಪ್ಪಿದ ಜನಕ್ಕೆ ಮೊದಲು ಬೇಕಾದದ್ದು ಉಳುವ ನೆಲ ಮತ್ತು ಜೊತೆಗಾರರು. ಭೂಮಿ ಸಿಕ್ಕಿದ ಮೇಲೆ ಊರು, ಊರು ಬೆಳೆದ ಮೇಲೆ ಗುಡಿ ಎಂಬುದು ಮೈಸೂರು ಸೀಮೆಯ ಅನೇಕ ಕ್ರೈಸ್ತ ಹಳ್ಳಿಗಳ ಕ್ರಮ. ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ದ್ಯುಬ್ವಾ 1823ರಲ್ಲಿ ಭಾರತವನ್ನು ಬಿಟ್ಟು ಹೋದರು. ಅದೇ ವರ್ಷ ಪ್ರಕಟವಾದ ತಮ್ಮ ಪತ್ರಗಳಲ್ಲಿ ಈ ದೇಶದಲ್ಲಿ ಕ್ರೈಸ್ತ ವಿಶ್ವಾಸದ ಭವಿಷ್ಯದ ಕುರಿತು ತೀರ ನಿರಾಶೆಯ ಮಾತುಗಳನ್ನೇ ಬರೆದರು. ಹಾಗೆ ಅವರು ಬರೆದು ನಾಲ್ಕು ದಶಕಗಳಾಗುವಷ್ಟರಲ್ಲಿ, 1860ರ ದಶಕದಲ್ಲಿ, ಹೇಮಾವತಿಯ ದಡದಲ್ಲಿ ಫ್ರೆಂಚ್ ಮಿಷನರಿಗಳು ಗಾಥಿಕ್ ಶೈಲಿಯ ಈ ದೊಡ್ಡ ದೇವಾಲಯವನ್ನು ಎಬ್ಬಿಸಿದರು. ತನ್ನ ಬಿತ್ತನೆ ಎಲ್ಲಿ ಮೊಳೆಯುತ್ತದೆ ಎಂಬುದು ಬಿತ್ತಿದವನಿಗೇ ತಿಳಿಯುವುದಿಲ್ಲ ಎಂಬ ಶುಭಸಂದೇಶದ ಸಾಮತಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಡ.

ಆ ಹೊತ್ತಿಗೆ ಮೈಸೂರು ಪ್ರತ್ಯೇಕ ಪ್ರೇಷಿತ ಪ್ರತಿನಿಧಿ ಪ್ರಾಂತ್ಯವಾಗಿತ್ತು (1850). 1886ರಲ್ಲಿ ಅದು ಧರ್ಮಕ್ಷೇತ್ರವಾಯಿತು. 1940ರಲ್ಲಿ ಬೆಂಗಳೂರು ಮತ್ತು ಮೈಸೂರು ಬೇರೆಬೇರೆಯಾದವು. 1963ರಲ್ಲಿ ಚಿಕ್ಕಮಗಳೂರು ಧರ್ಮಕ್ಷೇತ್ರ ಸ್ಥಾಪನೆಗೊಂಡಾಗ ಹಾಸನ ಜಿಲ್ಲೆ ಅದಕ್ಕೆ ಸೇರಿತು. ಒಂದು ಹಳ್ಳಿಯ ಗುಡಿ ತಾನು ನಿಂತಲ್ಲೇ ನಿಂತು ಇಷ್ಟು ಗಡಿಗಳು ಬದಲಾಗುವುದನ್ನು ಕಂಡಿತು. ಅದು ಕಾಣದೆ ಹೋದ ಒಂದೇ ಬದಲಾವಣೆಯೆಂದರೆ ಊರೇ ಇಲ್ಲವಾಗುವುದು. ಅದೂ ಬಂತು.

ನೀರು ಬಂದ ಕಾಲ

ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟುವ ಕೆಲಸ ಮುಗಿದದ್ದು 1979ರಲ್ಲಿ. ಅದರ ನಾಲೆಗಳು ಹಾಸನ, ಮಂಡ್ಯ, ತುಮಕೂರು ಜಿಲ್ಲೆಗಳ ಹೊಲಗಳಿಗೆ ನೀರು ಕೊಟ್ಟವು. ಆ ನೀರಿನಿಂದ ಎಷ್ಟೋ ಮನೆಗಳ ಒಲೆ ಉರಿಯಿತು. ಇದನ್ನು ಮರೆತು ಮಾತನಾಡುವುದು ನ್ಯಾಯವಲ್ಲ. ಆದರೆ ಅದೇ ನೀರು ನಿಲ್ಲಲು ಜಾಗ ಬೇಕಿತ್ತು. ಶೆಟ್ಟಿಹಳ್ಳಿಯೂ ಸುತ್ತಲಿನ ಇನ್ನಿತರ ಹಳ್ಳಿಗಳೂ ಆ ಜಾಗವಾದವು. ಜನ ಎದ್ದು ಬೇರೆಡೆ ಹೋದರು, ಗುಡಿ ಉಳಿಯಿತು.

ಆ ಕಾಲದ ಭೂಸ್ವಾಧೀನ ನಡೆದದ್ದು 1894ರ ಕಾನೂನಿನ ಅಡಿಯಲ್ಲಿ. ಆ ಕಾನೂನಿಗೆ ಕಾಣಿಸುತ್ತಿದ್ದವನು ಮುಖ್ಯವಾಗಿ ಭೂಮಿಯ ಒಡೆಯ. ಅವನಿಗೆ ಬೆಲೆ ಕಟ್ಟಿ ಪರಿಹಾರ ಕೊಟ್ಟರೆ ಕೆಲಸ ಮುಗಿಯಿತು. ಕೂಲಿಯವನಿಗೆ, ಗೇಣಿದಾರನಿಗೆ, ಊರಿನ ಕಸುಬುದಾರನಿಗೆ ಪುನರ್ವಸತಿಯ ಹಕ್ಕನ್ನು ಅದು ಹೇಳಿರಲಿಲ್ಲ. ಸ್ವಾಧೀನಕ್ಕೆ ಮುಂಚೆ ಸಾಮಾಜಿಕ ಪರಿಣಾಮವನ್ನು ಅಳೆಯಬೇಕು, ಮನೆ ಕಳೆದುಕೊಳ್ಳುವವರಿಗೆ ಮರುವಸತಿ ಮಾಡಿಕೊಡಬೇಕು ಎಂಬ ಕಡ್ಡಾಯ ನಿಯಮಗಳು ಬಂದದ್ದು 2013ರ ಕಾನೂನಿನಲ್ಲಿ. ಹಣ ಕಟ್ಟಿಕೊಡಬಹುದಾದ ನಷ್ಟ ಒಂದು ಬಗೆಯದು. ಅಜ್ಜ ಅಜ್ಜಿಯರ ಸಮಾಧಿ, ಹಬ್ಬದ ಮೆರವಣಿಗೆ ಸಾಗುತ್ತಿದ್ದ ಬೀದಿ, ನೆರೆಹೊರೆಯವರು ಒಂದೇ ಕಡೆ ಸಿಗುತ್ತಿದ್ದ ಭಾನುವಾರದ ಅಂಗಳ: ಇವಕ್ಕೆ ಯಾವ ಕಡತದಲ್ಲಿಯೂ ಕಲಂ ಇಲ್ಲ.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳಲೇಬೇಕು. ನಾಡಿನ ಒಳಿತಿಗಾಗಿ ಈ ಜನ ‘ತ್ಯಾಗ’ ಮಾಡಿದರು ಎಂದು ವೇದಿಕೆಯ ಮೇಲೂ ಕೆಲವೊಮ್ಮೆ ಪ್ರಬೋಧನೆಯಲ್ಲಿಯೂ ಹೇಳುವುದುಂಟು. ಕ್ರೈಸ್ತ ಅರ್ಥದಲ್ಲಿ ಬಲಿಯೆಂದರೆ ತಾನಾಗಿ ಅರ್ಪಿಸಿದ್ದು. ತನ್ನ ಪ್ರಾಣವನ್ನು ಯಾರೂ ಕಸಿದುಕೊಳ್ಳುವುದಿಲ್ಲ, ತಾನೇ ಅದನ್ನು ಕೊಡುತ್ತೇನೆ ಎಂದು ಒಳ್ಳೆಯ ಕುರಿಗಾಹಿಯಾದ ಯೇಸು ಹೇಳಿದ್ದನ್ನು ಸಂತ ಯೊವಾನ್ನರು ದಾಖಲಿಸಿದ್ದಾರೆ. ಕೇಳದೆ ತೆಗೆದುಕೊಂಡದ್ದಕ್ಕೆ ಬಲಿಯ ಹೆಸರಿಟ್ಟರೆ ತೆಗೆದುಕೊಂಡವರ ಮನಸ್ಸು ಹಗುರವಾದೀತು. ಕಳೆದುಕೊಂಡವರ ದುಃಖಕ್ಕೆ ಬಾಯಿ ಕಟ್ಟಿದಂತಾಗುತ್ತದೆ. ಕಳೆದುಕೊಂಡವರೇ ಮುಂದೊಂದು ದಿನ ಆ ನಷ್ಟವನ್ನು ಕ್ರಿಸ್ತನ ಬಲಿಯೊಡನೆ ಸೇರಿಸಿ ಅರ್ಪಿಸಬಹುದು. ಅದು ಅವರ ಪ್ರಾರ್ಥನೆ. ಅವರ ಪರವಾಗಿ ನಾವು ಮುಂಚಿತವಾಗಿ ಹೇಳಿಬಿಡುವ ಮಾತಲ್ಲ.

ಗೋಡೆಗಳು ಏಕೆ ನಿಂತಿವೆ, ಏಕೆ ಬೀಳುತ್ತಿವೆ

ಸುತ್ತಲಿನ ಮನೆಗಳೆಲ್ಲ ಕರಗಿಹೋದರೂ ದೇವಾಲಯ ಇಷ್ಟು ಕಾಲ ನಿಂತದ್ದು ಪವಾಡವೆಂದು ಕೆಲವರು ಹೇಳುತ್ತಾರೆ. ಬೆಲ್ಲ ಮತ್ತು ಮೊಟ್ಟೆಯನ್ನು ಬೆರೆಸಿದ ಗಾರೆಯಿಂದ ಕಟ್ಟಿದ್ದರಿಂದ ಎಂದು ಇನ್ನು ಕೆಲವರು ಹೇಳುತ್ತಾರೆ. ಸುಣ್ಣದ ಗಾರೆಗೆ ಬೆಲ್ಲದ ನೀರು, ಅಳಲೆಕಾಯಿಯ ರಸ ಮೊದಲಾದವನ್ನು ಸೇರಿಸುವ ಪದ್ಧತಿ ದಕ್ಷಿಣ ಭಾರತದ ಕಟ್ಟಡ ಕೆಲಸದಲ್ಲಿ ಬಹಳ ಹಳೆಯದು. ಆದರೆ ಅದಕ್ಕಿಂತ ದೊಡ್ಡ ಕಾರಣ ಕಟ್ಟಡದ ರಚನೆಯಲ್ಲೇ ಇದೆ. ಗಾಥಿಕ್ ಶೈಲಿಯ ಚೂಪು ಕಮಾನು ಮೇಲಿನ ಭಾರವನ್ನು ಅರೆವೃತ್ತದ ಕಮಾನಿಗಿಂತ ಹೆಚ್ಚು ನೇರವಾಗಿ ಕೆಳಕ್ಕೆ ಇಳಿಸುತ್ತದೆ. ಅದು ಪಕ್ಕಕ್ಕೆ ತಳ್ಳುವ ಬಲವನ್ನು ಗೋಡೆಯ ಹೊರಗಿನ ಆಸರೆ ಕಂಬಗಳು ತಡೆಯುತ್ತವೆ. ದಪ್ಪ ಗೋಡೆ, ಆಸರೆ ಕಂಬ, ಕಮಾನು ಮೂರೂ ಒಂದನ್ನೊಂದು ಹಿಡಿದುಕೊಂಡಿರುತ್ತವೆ.

ಬೀಳುವುದಕ್ಕೂ ಹಾಗೆಯೇ ಕಾರಣಗಳಿವೆ. ಮಾಡು ಹೋದ ಕಟ್ಟಡದಲ್ಲಿ ಮಳೆನೀರು ಗೋಡೆಯ ನೆತ್ತಿಯಿಂದ ಒಳಗಿಳಿಯುತ್ತದೆ. ಜಲಾಶಯದ ನೀರು ಬುಡದಿಂದ ಏರುತ್ತದೆ. ಸುಣ್ಣದ ಗಾರೆ ನೀರನ್ನು ಹೀರುತ್ತದೆ, ಒಣಗಿದಾಗ ಬಿಡುತ್ತದೆ. ಪ್ರತಿ ವರ್ಷ ನೆನೆದು ಒಣಗುವಾಗ ನೀರಿನೊಡನೆ ಬಂದ ಲವಣಗಳು ಇಟ್ಟಿಗೆಯ ಮೈಯೊಳಗೆ ಹರಳುಗಟ್ಟಿ ಅದನ್ನು ಪುಡಿಮಾಡುತ್ತವೆ. ಗಾರೆಯ ಸುಣ್ಣ ಸ್ವಲ್ಪ ಸ್ವಲ್ಪವಾಗಿ ಕರಗಿಹೋಗುತ್ತದೆ. ಬಿರುಕಿನಲ್ಲಿ ಬೇರೂರಿದ ಗಿಡ ಅದನ್ನು ಅಗಲಿಸುತ್ತದೆ. ಪೂರ್ತಿ ನೀರಿನೊಳಗೇ ಇದ್ದ ಗೋಡೆಗಿಂತ, ಮುಳುಗುತ್ತ ಏಳುತ್ತ ಇರುವ ಗೋಡೆ ಬೇಗ ಸೋಲುತ್ತದೆ. ಒಂದು ಕಮಾನು ಬಿದ್ದರೆ ಅದನ್ನು ಆತು ನಿಂತ ಇನ್ನೊಂದಕ್ಕೂ ಆಸರೆ ತಪ್ಪುತ್ತದೆ. ಆದ್ದರಿಂದ ಗುಂಪುಗಳನ್ನು ಅಲ್ಲಿಗೆ ಕರೆದೊಯ್ಯುವ ಗುರುಗಳು, ಗೋಡೆಗಳ ಕೆಳಗೆ ಮಕ್ಕಳನ್ನು ನಿಲ್ಲಿಸುವ ಮುನ್ನ ಎರಡು ಸಲ ಯೋಚಿಸಬೇಕು.

ಪದಗಳು ಹೇಳುವುದೇನು

ಕನ್ನಡ ಕಥೋಲಿಕರ ಭಾಷೆಯಲ್ಲಿ ಒಂದು ಅನುಕೂಲವಿದೆ. ಅನೇಕ ಭಾಷೆಗಳಲ್ಲಿ ಕಟ್ಟಡಕ್ಕೂ ಜನರಿಗೂ ಒಂದೇ ಪದ, ನಮ್ಮಲ್ಲಿ ಹಾಗಿಲ್ಲ. ಕಟ್ಟಡ ‘ದೇವಾಲಯ’, ಜನ ‘ಧರ್ಮಸಭೆ’. ಆಲಯ ಎಂದರೆ ವಾಸಸ್ಥಾನ, ಸಭೆ ಎಂದರೆ ಕೂಡಿದವರು. ಶೆಟ್ಟಿಹಳ್ಳಿಯಲ್ಲಿ ಆಲಯ ನಿಂತಿದೆ, ಸಭೆ ಎದ್ದುಹೋಗಿದೆ. ನಮ್ಮ ಭಾಷೆಯೇ ಈ ಎರಡನ್ನು ಬೇರೆ ಮಾಡಿ ತೋರಿಸಿರುವಾಗ ಅವನ್ನು ನಾವು ಕಲಸಿಕೊಳ್ಳಬಾರದು.

ಮೂರನೆಯ ಪದ ‘ಧರ್ಮಕೇಂದ್ರ’. ಇಲ್ಲಿ ಮಾತ್ರ ನಮ್ಮ ಭಾಷೆ ನಮ್ಮನ್ನು ಸ್ವಲ್ಪ ದಾರಿ ತಪ್ಪಿಸಬಹುದು. ಕೇಂದ್ರವೆಂದರೆ ಕದಲದ ಬಿಂದು. ಸುತ್ತಲಿನದೆಲ್ಲ ಅದನ್ನು ಬಳಸಿ ತಿರುಗುತ್ತದೆ. ಆದರೆ ಈ ಪದ ಯಾವ ಗ್ರೀಕ್ ಪದಕ್ಕೆ ಸಮನಾಗಿ ನಿಂತಿದೆಯೋ ಆ ‘ಪರೋಯಿಕಿಯ’ದ ಅರ್ಥ ತದ್ವಿರುದ್ಧ. ಅದು ಪರದೇಶದಲ್ಲಿನ ತಾತ್ಕಾಲಿಕ ವಾಸ, ಹಕ್ಕುಪತ್ರವಿಲ್ಲದ ನೆಲದಲ್ಲಿ ತಂಗಿರುವವರ ಸ್ಥಿತಿ. ಸಂತ ಪೇತ್ರರು ತಮ್ಮ ಮೊದಲನೆಯ ಪತ್ರದಲ್ಲಿ ಕ್ರೈಸ್ತರನ್ನು ಪರದೇಶಿಗಳೆಂದೂ ಪ್ರವಾಸಿಗಳೆಂದೂ ಕರೆಯುವಾಗ ಬಳಸುವುದು ಇದೇ ಪದದ ರೂಪಗಳನ್ನು. ಅಂದರೆ ಊರು ಬಿಟ್ಟು ಹೊಸ ಜಾಗದಲ್ಲಿ ಮತ್ತೆ ಒಲೆ ಹೂಡಿದ ಕುಟುಂಬಗಳು ಧರ್ಮಕೇಂದ್ರವನ್ನು ಕಳೆದುಕೊಂಡು ಹೋದವರಲ್ಲ, ಆ ಪದದ ಮೂಲಾರ್ಥವನ್ನು ತಮ್ಮ ಬೆನ್ನ ಮೇಲೆ ಹೊತ್ತು ಹೋದವರು. ಇದನ್ನು ಹೇಳುವಾಗ ಅವರ ನೋವನ್ನು ಸಿಹಿ ಮಾಡಬೇಕೆಂಬುದು ನಮ್ಮ ಉದ್ದೇಶವಲ್ಲ. ಪರದೇಶವಾಸ ಕಷ್ಟದ್ದೇ. ಆದರೆ ಆ ಕಷ್ಟದಲ್ಲಿರುವವರನ್ನು ಪವಿತ್ರ ಗ್ರಂಥ ಧರ್ಮಸಭೆಯ ಅಂಚಿನಲ್ಲಿ ಇಡುವುದಿಲ್ಲ, ನಡುವಿನಲ್ಲಿ ಇಡುತ್ತದೆ.

ಪವಿತ್ರ ಗ್ರಂಥದ ಸಾಕ್ಷ್ಯ

ದೇವಾಲಯವನ್ನು ಕಳೆದುಕೊಂಡ ಜನರ ಪ್ರಶ್ನೆ ಪವಿತ್ರ ಗ್ರಂಥಕ್ಕೆ ಹೊಸದಲ್ಲ. ಇಸ್ರಯೇಲರು ಮೊದಲು ಆರಾಧಿಸಿದ್ದು ಗುಡಾರದಲ್ಲಿ. ಜನ ನಡೆದಲ್ಲಿಗೆ ಅದು ನಡೆಯಿತು. ಬಳಿಕ ಜೆರುಸಲೇಮಿನಲ್ಲಿ ಕಲ್ಲಿನ ಮಹಾದೇವಾಲಯ ಬಂತು. ದೇವಾಲಯವೊಂದು ಇದ್ದರೆ ಸಾಕು, ತಮಗೆ ಕೇಡಿಲ್ಲ ಎಂದು ನಂಬಿದವರನ್ನು ಪ್ರವಾದಿ ಯೆರೆಮೀಯ ಅದರ ಬಾಗಿಲಲ್ಲೇ ನಿಂತು ಖಂಡಿಸಿದನು. ಪರದೇಶಿಯನ್ನೂ ಅನಾಥರನ್ನೂ ವಿಧವೆಯನ್ನೂ ಹಿಂಸಿಸುವ ಊರಿಗೆ ಗೋಡೆಗಳು ರಕ್ಷೆಯಲ್ಲ ಎಂಬುದು ಅವನ ಮಾತಿನ ತಿರುಳು. ಕ್ರಿ.ಪೂ. 587ರ ಸುಮಾರಿಗೆ ಆ ದೇವಾಲಯ ಬಾಬಿಲೋನಿಯರ ಕೈಯಲ್ಲಿ ನಾಶವಾಯಿತು.

ಸೆರೆವಾಸದಲ್ಲಿದ್ದ ಪ್ರವಾದಿ ಯೆಹೆಜ್ಕೇಲನು ಕಂಡ ದರ್ಶನ ನಮ್ಮ ವಿಚಾರಕ್ಕೆ ಮುಖ್ಯವಾದದ್ದು. ಸರ್ವೇಶ್ವರನ ಮಹಿಮೆ ದೇವಾಲಯದ ಹೊಸ್ತಿಲನ್ನು ಬಿಟ್ಟು ಎದ್ದು, ನಗರದ ಪೂರ್ವದ ಬೆಟ್ಟದ ಮೇಲೆ ನಿಲ್ಲುತ್ತದೆ. ಅದೇ ಅಧ್ಯಾಯದಲ್ಲಿ, ಚದುರಿಹೋದ ತನ್ನ ಜನರಿಗೆ ಅವರು ಹೋದ ನಾಡುಗಳಲ್ಲಿ ತಾನೇ ಪವಿತ್ರಾಲಯವಾಗಿರುವುದಾಗಿ ದೇವರು ಹೇಳುತ್ತಾರೆ. ಜನ ದೇವಾಲಯಕ್ಕೆ ಬರಲಾಗದಾಗ ದೇವರೇ ಜನರಿಗೆ ದೇವಾಲಯವಾಗುವರು. ಹೊಸ ಒಡಂಬಡಿಕೆ ಇದನ್ನು ಪೂರ್ಣಗೊಳಿಸುತ್ತದೆ. ಯೇಸು ತಮ್ಮ ದೇಹವನ್ನೇ ದೇವಾಲಯವೆಂದರು. ಸಂತ ಪೌಲರು ಕೊರಿಂಥದ ಕ್ರೈಸ್ತರನ್ನು ದೇವರ ಆಲಯವೆಂದರು. ಸಂತ ಪೇತ್ರರು ವಿಶ್ವಾಸಿಗಳನ್ನು ಜೀವಂತ ಶಿಲೆಗಳೆಂದರು.

ಇದರಿಂದ ಕಟ್ಟಡಕ್ಕೆ ಬೆಲೆಯಿಲ್ಲವೆಂದು ತೀರ್ಮಾನಿಸುವುದು ಅವಸರ. ಮನುಷ್ಯನಾಗಿ ಒಂದು ಊರಿನಲ್ಲಿ, ಒಂದು ಮನೆಯಲ್ಲಿ ಬೆಳೆದ ದೇವರನ್ನು ನಾವು ಆರಾಧಿಸುತ್ತೇವೆ. ದೇವಾಲಯದ ಪ್ರತಿಷ್ಠಾಪನೆಯ ವಿಧಿಯಲ್ಲಿ ಧರ್ಮಾಧ್ಯಕ್ಷರು ಬಲಿಪೀಠಕ್ಕೂ ಗೋಡೆಗಳಿಗೂ ಪವಿತ್ರ ತೈಲವನ್ನು ಲೇಪಿಸುತ್ತಾರೆ. ದೀಕ್ಷಾಸ್ನಾನ ಪಡೆದವನ ಹಣೆಗೆ ಹಚ್ಚುವ ಅದೇ ತೈಲ ಅದು. ಧರ್ಮಸಭೆ ಗೋಡೆಯನ್ನು ಮನುಷ್ಯನಂತೆ ಕಾಣುವುದು, ಗೋಡೆ ಮನುಷ್ಯರ ಕುರುಹಾದ್ದರಿಂದ. ಪೋಪ್ ಫ್ರಾನ್ಸಿಸ್ ಅವರು 2015ರ ‘ಲೌದಾತೊ ಸಿ’ ವಿಶ್ವಪತ್ರದಲ್ಲಿ, ದೇವರೊಡನೆ ನಮ್ಮ ಸ್ನೇಹದ ಚರಿತ್ರೆ ನಿರ್ದಿಷ್ಟ ಜಾಗಗಳೊಡನೆ ಹೆಣೆದುಕೊಂಡಿರುತ್ತದೆ ಎಂಬುದನ್ನು ನೆನಪಿಸಿದ್ದಾರೆ. ಒಂದು ಬೆಟ್ಟ, ಒಂದು ಬಾವಿ, ಒಂದು ಬೀದಿ ನಮಗೆ ಪ್ರಾರ್ಥನೆ ಕಲಿಸಿರಬಹುದು. ಊರು ಬಿಟ್ಟವರು ಆಗಾಗ ಆ ದಡಕ್ಕೆ ಬಂದು ಸುಮ್ಮನೆ ನಿಲ್ಲುವುದಾದರೆ ಅದನ್ನು ಮೂಢನಂಬಿಕೆಯೆಂದು ಕಾಣಬಾರದು.

ಧರ್ಮಸಭೆಯ ಕಾನೂನು

ಈಗ ಮೊದಲ ಪ್ರಶ್ನೆಗೆ ಬರೋಣ. ಅದು ಇನ್ನೂ ದೇವಾಲಯವೇ? 1983ರ ಧರ್ಮಸಭೆಯ ಕಾನೂನು ಸಂಹಿತೆಯ 1212ನೆಯ ನಿಯಮದ ಪ್ರಕಾರ ಪವಿತ್ರ ಸ್ಥಳ ತನ್ನ ಪ್ರತಿಷ್ಠಾಪನೆಯನ್ನು ಅಥವಾ ಆಶೀರ್ವಾದವನ್ನು ಕಳೆದುಕೊಳ್ಳುವ ಬಗೆಗಳು ಮೂರು: ಅದರ ಹೆಚ್ಚಿನ ಭಾಗ ನಾಶವಾದಾಗ, ಅಧಿಕಾರವುಳ್ಳವರ ಆಜ್ಞೆಯಿಂದ ಶಾಶ್ವತವಾಗಿ ಲೌಕಿಕ ಬಳಕೆಗೆ ಬಿಟ್ಟಾಗ, ಅಥವಾ ಆಜ್ಞೆಯಿಲ್ಲದಿದ್ದರೂ ವಾಸ್ತವವಾಗಿ ಹಾಗೆ ಆಗಿಹೋದಾಗ. ಶೆಟ್ಟಿಹಳ್ಳಿ ತೆರವಾದ ಕಾಲದಲ್ಲಿ ಜಾರಿಯಲ್ಲಿದ್ದುದು 1917ರ ಸಂಹಿತೆ. ಅದರ 1170ನೆಯ ನಿಯಮ ಗೋಡೆಗಳನ್ನೇ ಅಳತೆಗೋಲಾಗಿ ಇಟ್ಟುಕೊಂಡಿತ್ತು. ಕಟ್ಟಡ ಪೂರ್ತಿ ನಾಶವಾಗಬೇಕು, ಇಲ್ಲವೆ ಗೋಡೆಗಳ ಹೆಚ್ಚಿನ ಭಾಗ ಕುಸಿಯಬೇಕು, ಇಲ್ಲವೆ ಧರ್ಮಾಧ್ಯಕ್ಷರು ಅದನ್ನು ಲೌಕಿಕ ಬಳಕೆಗೆ ಬಿಡಬೇಕು. ಮಾಡು ಹೋದ ಮಾತ್ರಕ್ಕೆ ಪಾವಿತ್ರ್ಯ ಹೋಗುತ್ತಿರಲಿಲ್ಲ.

ಈ ನಿಯಮಗಳನ್ನು ನಮ್ಮ ಉದಾಹರಣೆಗೆ ಹೊಂದಿಸುವುದು ವಿದ್ಯಾರ್ಥಿಗಳಿಗೆ ಒಳ್ಳೆಯ ಅಭ್ಯಾಸ. ನೀರು ಬಂದು ನಿಲ್ಲುವುದು ‘ಲೌಕಿಕ ಬಳಕೆ’ಯೇ? ನೀರು ಯಾರ ಬಳಕೆಯೂ ಅಲ್ಲವೆಂದು ಒಬ್ಬರು ವಾದಿಸಬಹುದು. ನೆಲ ಜಲಾಶಯದ ಪಾಲಾಗಿ, ಆರಾಧನೆ ದಶಕಗಳಿಂದ ನಿಂತು, ಮರಳಿ ಆರಂಭವಾಗುವ ದಾರಿಯೇ ಇಲ್ಲದಿರುವಾಗ, ವಾಸ್ತವವಾಗಿ ಅದು ದೇವಾರಾಧನೆಯಿಂದ ಬೇರೆಯಾಗಿದೆಯೆಂದು ಇನ್ನೊಬ್ಬರು ವಾದಿಸಬಹುದು. ಗೋಡೆಗಳು ಒಂದೊಂದಾಗಿ ಬೀಳುತ್ತಿರುವುದರಿಂದ ಮೊದಲನೆಯ ಬಗೆಯೂ ಹತ್ತಿರವಾಗುತ್ತಿದೆ. ಎರಡನೆಯ ವಾದವೇ ಹೆಚ್ಚು ಬಲವುಳ್ಳದ್ದೆಂದು ನಮಗೆ ತೋರುತ್ತದೆ. ತೀರ್ಪಿನ ಅಧಿಕಾರ ಮಾತ್ರ ಧರ್ಮಾಧ್ಯಕ್ಷರದು.

ಪಾವಿತ್ರ್ಯ ಕಾನೂನಿನ ಅರ್ಥದಲ್ಲಿ ಹೋಗಿದ್ದರೂ ಗೌರವ ಹೋಗುವುದಿಲ್ಲ. 1222ನೆಯ ನಿಯಮ ಆರಾಧನೆಗೆ ಬಾರದ ದೇವಾಲಯವನ್ನು ಲೌಕಿಕವಾದರೂ ಹೀನವಲ್ಲದ ಬಳಕೆಗೆ ಬಿಡಲು ಅವಕಾಶ ಕೊಡುತ್ತದೆ. ‘ಹೀನವಲ್ಲದ’ ಎಂಬ ಪದವೇ ಇಲ್ಲಿನ ತಿರುಳು. ಛಾಯಾಚಿತ್ರ ತೆಗೆಯುವುದು ಹೀನವಲ್ಲ. ಕುಡಿದು ಬಾಟಲಿ ಒಡೆದು ಹೋಗುವುದು, ಬಲಿಪೀಠವಿದ್ದ ಜಾಗದಲ್ಲಿ ಅಸಭ್ಯವಾಗಿ ನಡೆಯುವುದು ಹೀನ. 1238ನೆಯ ನಿಯಮದಂತೆ ದೇವಾಲಯ ಲೌಕಿಕ ಬಳಕೆಗೆ ಹೋದರೂ ಬಲಿಪೀಠ ಮಾತ್ರ ಅದರಿಂದಲೇ ತನ್ನ ಪ್ರತಿಷ್ಠೆಯನ್ನು ಕಳೆದುಕೊಳ್ಳುವುದಿಲ್ಲ ಎಂಬುದನ್ನೂ ಗಮನಿಸಬೇಕು. ದೇವಾಲಯವನ್ನು ಬಿಡುವಾಗ ಬಲಿಪೀಠದ ಗತಿಯನ್ನು ಮೊದಲು ನಿರ್ಧರಿಸಬೇಕೆಂಬ ಪಾಠ ಇದರಲ್ಲಿದೆ. 2018ರ ನವೆಂಬರಿನಲ್ಲಿ ರೋಮಿನಲ್ಲಿ ನಡೆದ ಸಮ್ಮೇಳನವೊಂದು ಬಳಕೆ ತಪ್ಪಿದ ದೇವಾಲಯಗಳನ್ನೇ ವಿಷಯವಾಗಿಟ್ಟುಕೊಂಡಿತು. ಯೂರೋಪಿನಲ್ಲಿ ವಿಶ್ವಾಸಿಗಳು ಕಡಿಮೆಯಾಗಿ ಗುಡಿಗಳು ಬರಿದಾಗುತ್ತಿವೆ. ಶೆಟ್ಟಿಹಳ್ಳಿಯಲ್ಲಿ ವಿಶ್ವಾಸ ಬತ್ತಲಿಲ್ಲ, ನೀರು ತುಂಬಿತು. ಎರಡಕ್ಕೂ ಒಂದೇ ಔಷಧ ಹೇಳಬಾರದು.

ಎರಡನೆಯ ಪ್ರಶ್ನೆ, ಧರ್ಮಕೇಂದ್ರ ಎಲ್ಲಿಗೆ ಹೋಯಿತು ಎಂಬುದು. 1917ರ ಸಂಹಿತೆ ಧರ್ಮಕ್ಷೇತ್ರದ ನೆಲವನ್ನು ಭಾಗಮಾಡಿ ಧರ್ಮಕೇಂದ್ರಗಳನ್ನು ಗುರುತಿಸಿತ್ತು. ದ್ವಿತೀಯ ವ್ಯಾಟಿಕನ್ ಮಹಾಸಭೆಯ ನಂತರದ 1983ರ ಸಂಹಿತೆ 515ನೆಯ ನಿಯಮದಲ್ಲಿ ಧರ್ಮಕೇಂದ್ರವನ್ನು ವಿಶ್ವಾಸಿಗಳ ನಿರ್ದಿಷ್ಟ ಸಮುದಾಯವೆಂದು ಹೇಳುತ್ತದೆ. ಗಡಿಯ ಮಾತು 518ನೆಯ ನಿಯಮದಲ್ಲಿ ಅನಂತರ ಬರುತ್ತದೆ. ಈ ಕ್ರಮದಲ್ಲೇ ಉತ್ತರವಿದೆ. ಮೊದಲು ಜನ, ಬಳಿಕ ನೆಲ. ಜನ ಹೋದಲ್ಲಿಗೆ ಗುರುಗಳ ಹೊಣೆಯೂ ಹೋಗುತ್ತದೆ.

ಪಾಲಕರ ಕರ್ತವ್ಯ

ಹಾಗಾದರೆ ನಾವು ಮಾಡಬೇಕಾದುದೇನು? ಶೆಟ್ಟಿಹಳ್ಳಿಯಂತಹ ಊರಿನ ಪಾಲನೆ ನಾಳೆ ಯಾವ ಯುವ ಗುರುವಿನ ಪಾಲಿಗೂ ಬರಬಹುದು. ಅಣೆಕಟ್ಟು, ಹೆದ್ದಾರಿ, ಗಣಿ, ವಿಮಾನ ನಿಲ್ದಾಣಗಳ ಹೆಸರಿನಲ್ಲಿ ಹಳ್ಳಿಗಳು ಇಂದಿಗೂ ಏಳುತ್ತಿವೆ.

ಮೊದಲನೆಯದು ದಾಖಲೆ. 535ನೆಯ ನಿಯಮ ಪ್ರತಿ ಧರ್ಮಕೇಂದ್ರ ದೀಕ್ಷಾಸ್ನಾನ, ವಿವಾಹ, ಮರಣಗಳ ಪುಸ್ತಕಗಳನ್ನು ಇಟ್ಟು ಕಾಪಾಡಬೇಕೆನ್ನುತ್ತದೆ. ಊರು ಮುಳುಗಿದ ಮೇಲೆ ಆ ಪುಸ್ತಕವೇ ಊರು. ತನ್ನ ಮುತ್ತಜ್ಜನ ಹೆಸರನ್ನು ಮೊಮ್ಮಗಳು ಹುಡುಕಿ ಬಂದಾಗ ತೋರಿಸಲು ಗೋಡೆಯಿಲ್ಲದಿದ್ದರೂ ಒಂದು ಸಾಲು ಬರಹವಾದರೂ ಇರಬೇಕು. ಹಳೆಯ ಪುಸ್ತಕಗಳ ಪ್ರತಿ ಮಾಡಿಸುವುದು, ಹಿರಿಯರ ನೆನಪುಗಳನ್ನು ಬರೆದಿಡುವುದು ಗುರುಮಠದ ವಿದ್ಯಾರ್ಥಿಗಳೇ ರಜೆಯಲ್ಲಿ ಮಾಡಬಹುದಾದ ಸೇವೆ.

ಎರಡನೆಯದು ಮೃತರು. ಪವಿತ್ರವಾದ ಸಮಾಧಿ ಭೂಮಿಯನ್ನು ಕಾಪಾಡುವುದು ಧರ್ಮಸಭೆಯ ಕರ್ತವ್ಯ. ನೀರಿನಡಿಗೆ ಹೋದ ಸಮಾಧಿಗಳ ಮೇಲೆ ಹೂವಿಡುವುದು ಸಾಧ್ಯವಾಗದು. ನವೆಂಬರ್ 2ರಂದು, ಸಕಲ ಮೃತರ ಸ್ಮರಣೆಯ ದಿನ, ಹೊಸ ಊರಿನ ದೇವಾಲಯದಲ್ಲಿ ಹಳೆಯ ಊರಿನ ಮೃತರ ಹೆಸರುಗಳನ್ನು ಗಟ್ಟಿಯಾಗಿ ಓದುವುದು ಸಾಧ್ಯವಿದೆ.

ಮೂರನೆಯದು ಆರಾಧನೆ. ಪಾಳುಬಿದ್ದ ದೇವಾಲಯದೊಳಗೆ ಬಲಿಪೂಜೆ ಅರ್ಪಿಸಬಹುದೇ ಎಂದು ಕೇಳುವವರುಂಟು. 932ನೆಯ ನಿಯಮ ಬಲಿಪೂಜೆಯನ್ನು ಪವಿತ್ರ ಸ್ಥಳದಲ್ಲಿ ಅರ್ಪಿಸಬೇಕೆಂದೂ ಅಗತ್ಯ ಬಿದ್ದಾಗ ಯೋಗ್ಯವಾದ ಬೇರೆ ಸ್ಥಳದಲ್ಲಿ ಅರ್ಪಿಸಬಹುದೆಂದೂ ಹೇಳುತ್ತದೆ. ಬೀಳುವ ಗೋಡೆಗಳ ಕೆಳಗಿನ ಜಾಗ ಯೋಗ್ಯವಲ್ಲ. ದಡದ ಬಯಲಿನಲ್ಲಿ, ಧರ್ಮಾಧ್ಯಕ್ಷರ ಒಪ್ಪಿಗೆಯೊಂದಿಗೆ, ಊರು ಬಿಟ್ಟವರ ಸಲುವಾಗಿ ನಡೆಯುವ ಪ್ರಾರ್ಥನೆ ಬೇರೆ ಮಾತು. ಅದು ಪ್ರವಾಸಿಗರಿಗಾಗಿ ಏರ್ಪಡಿಸಿದ ಪ್ರದರ್ಶನವಾಗಬಾರದು.

ನಾಲ್ಕನೆಯದು ಕಟ್ಟಡವನ್ನು ಉಳಿಸುವ ವಿಚಾರ. ಕೃಷ್ಣರಾಜಸಾಗರದ ನೀರಿನಲ್ಲಿ ಮುಳುಗಿದ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಸ್ಥಾನವನ್ನು ಕಲ್ಲು ಬಿಚ್ಚಿ ದಡದ ಮೇಲೆ ಮತ್ತೆ ಕಟ್ಟಲಾಯಿತು. ಜೋಡಿಸಿದ ಕಲ್ಲನ್ನು ಬಿಚ್ಚಬಹುದು. ಗಾರೆಯಲ್ಲಿ ಕಚ್ಚಿದ ಇಟ್ಟಿಗೆಯನ್ನು ಹಾಗೆ ಬಿಚ್ಚಿ ಕಟ್ಟಲಾಗದು. ಉಳಿದ ಗೋಡೆಗಳಿಗೆ ಆಸರೆ ಕೊಡುವ ಕೆಲಸವನ್ನು ತಜ್ಞರು ಮಾಡಬಹುದು. ಅದು ನಡೆದರೆ ಒಳ್ಳೆಯದೇ. ಆದರೆ ಗೋಡೆಗಾಗಿ ಕೂಗುವ ದನಿ, ಎತ್ತಂಗಡಿಯಾದವರ ಮನೆಯ ಹಕ್ಕುಪತ್ರಕ್ಕಾಗಿ, ಅವರ ಮಕ್ಕಳ ಓದಿಗಾಗಿ ಎಂದೂ ಎದ್ದಿಲ್ಲವಾದರೆ, ಯೆರೆಮೀಯನು ದೇವಾಲಯದ ಬಾಗಿಲಲ್ಲಿ ಹೇಳಿದ ಮಾತು ನಮಗೂ ಸಲ್ಲುತ್ತದೆ.

ಕೊನೆಯದಾಗಿ ಒಂದು ಸಂಗತಿ. ಧರ್ಮಸಭೆಯ ಪಂಚಾಂಗದಲ್ಲಿ ಜಪಸರ ಮಾತೆಯ ಹಬ್ಬ ಅಕ್ಟೋಬರ್ 7ರಂದು ಬರುತ್ತದೆ. ಒಳ್ಳೆಯ ಮಳೆಗಾಲ ಕಂಡ ವರ್ಷಗಳಲ್ಲಿ ಜಲಾಶಯ ತುಂಬಿರುವ ದಿನಗಳು ಅವೇ. ಮಾತೆಯ ಹೆಸರನ್ನು ಹೊತ್ತ ದೇವಾಲಯ ಆಕೆಯ ಹಬ್ಬದಂದೇ ನೀರಿನೊಳಗಿರುತ್ತದೆ. ಆ ದಿನ ಅಲ್ಲಿ ಗಂಟೆ ಮೊಳಗುವುದಿಲ್ಲ, ದೀಪ ಹಚ್ಚುವವರಿಲ್ಲ. ಆದರೆ ಜಪಸರ ಎಂಬುದು ಗೋಡೆ ಬೇಡದ ಪ್ರಾರ್ಥನೆ. ಕಿಸೆಯಲ್ಲಿ ಹಿಡಿಸುತ್ತದೆ, ಗಂಟು ಕಟ್ಟಿ ಊರು ಬಿಡುವವರ ಕೈಯಲ್ಲಿ ಹೋಗುತ್ತದೆ, ಹೊಸ ಜಾಗದ ಜಗಲಿಯಲ್ಲಿ ಸಂಜೆ ಮತ್ತೆ ಆರಂಭವಾಗುತ್ತದೆ. ಶೆಟ್ಟಿಹಳ್ಳಿಯ ಧರ್ಮಕೇ೦ದ್ರವನ್ನು ಹುಡುಕುವವರು ಆ ದಿನ ನೀರಿನ ಕಡೆಗೆ ನೋಡಬೇಕಾಗಿಲ್ಲ. ಆ ಜಗಲಿಗಳಿಗೆ ಹೋಗಿ, ಚಾಪೆಯ ಮೇಲೆ ಅವರ ಜೊತೆ ಕುಳಿತರೆ ಸಾಕು.